ಅಮ್ಮ ಬಸುರಿಲಿ ತಗೊಂಡ ಹಾರ್ಮೋನ್ ಮಾತ್ರೆ, ಮಗಳಿಗೆ ಕ್ಯಾನ್ಸರ್ ರಿಸ್ಕ್: ನಿಮ್ಮಮ್ಮನ್ನ ಯಾವತ್ತಾದ್ರೂ ಕೇಳಿದೀರಾ?

ಕಾಫಿಹೂ (ವಿರಾಜಪೇಟೆ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ, ಗಂಡಸ್ರೂ ಓದಿ.

ನಾನು ಹುಟ್ಟಿದ್ದು 1968ರಲ್ಲಿ, ಅಮೆರಿಕದ ಬಾಸ್ಟನ್ ಹತ್ರ. ಅಪ್ಪ ಓದೋಕೆ ಹೋಗಿದ್ರು, ಆಮೇಲೆ ತೋಟ ನೋಡ್ಕೊಳೋಕೆ ಅಂತ ವಾಪಸ್ ಬಂದ್ರು. ನನಗಿಂತ ಮುಂಚೆ ಅವ್ವನಿಗೆ ಎರಡು ಸಲ ಗರ್ಭ ಹೋಗಿತ್ತು. ಅಪ್ಪನಿಗೆ ಎಲ್ಲಾ ಖರ್ಚೂ ಬರೆದಿಡೋ ಅಭ್ಯಾಸ, ಕೆಲಸದವರ ಕೂಲಿಯಿಂದ ಹಿಡಿದು ಅಂಚೆ ಚೀಟಿವರೆಗೆ. ಅವರು ಹೋದ್ಮೇಲೆ ಬೀರು ಖಾಲಿ ಮಾಡುವಾಗ ಆ ಲೆಕ್ಕದ ಪುಸ್ತಕಗಳು ಸಿಕ್ಕಿದ್ವು. 1967ರ ಪುಸ್ತಕದಲ್ಲಿ ಔಷಧಿ ಅಂಗಡಿ ಲೆಕ್ಕದ ಮುಂದೆ ‘ಸ್ಟಿಲ್ಬೆಸ್ಟ್ರಾಲ್ 5’ ಅಂತ ಇದೆ, ಮುಂದಿನ ಪುಟಗಳಲ್ಲಿ 10, 15, ಹೀಗೇ ಏರ್ತಾ ಹೋಗುತ್ತೆ. ಅವ್ವನ್ನ ಕೇಳಿದ್ರೆ ಹೌದು, ಮಗು ನಿಲ್ಲಲಿ ಅಂತ ಡಾಕ್ಟ್ರು ಕೊಟ್ಟಿದ್ದು, ಒಂದಿನಾನೂ ತಪ್ಪಿಸಿರ್ಲಿಲ್ಲ ಅಂದ್ರು.

ಆ ಹೆಸ್ರು ಹುಡುಕಿ ಓದಿದ್ಮೇಲೆ ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಪೂರ್ತಿ ಹೆಸ್ರು ಡೈಎಥೈಲ್‌ಸ್ಟಿಲ್ಬೆಸ್ಟ್ರಾಲ್, ಚಿಕ್ಕದಾಗಿ ಡಿಇಎಸ್. ಈಸ್ಟ್ರೋಜನ್ ಥರಾನೇ ಕೆಲಸ ಮಾಡೋ, ಲ್ಯಾಬಲ್ಲಿ ತಯಾರಾದ ಔಷಧಿ. ಬಸುರಿಲಿ ಇದನ್ನ ತಗೊಂಡವರ ಹೆಣ್ಮಕ್ಕಳಿಗೆ ಯೋನಿಯಲ್ಲಿ, ಗರ್ಭಕೋಶದ ಬಾಯಲ್ಲಿ ಒಂದು ಅಪರೂಪದ ಕ್ಯಾನ್ಸರ್ ಬರಬಹುದು, ಮಕ್ಕಳಾಗೋದಕ್ಕೆ ತೊಂದ್ರೆ ಆಗಬಹುದು ಅಂತ ಎಷ್ಟೋ ವರ್ಷದ ಹಿಂದೇನೇ ಗೊತ್ತಾಗಿದೆಯಂತೆ.

ನನಗೂ ಎರಡು ಸಲ ಗರ್ಭ ಹೋಯ್ತು, ಮಗಳು ಏಳು ತಿಂಗಳಿಗೇ ಹುಟ್ಟಿದ್ದು. 90ರ ದಶಕದಲ್ಲಿ ಬಣ್ಣ ಹಾಕಿ ಎಕ್ಸ್‌ರೇ ತೆಗೆದಾಗ ಗರ್ಭಕೋಶ ಇಂಗ್ಲಿಷ್ ಟಿ ಅಕ್ಷರದ ಥರ ಇದೆ, ಹುಟ್ಟಿಂದಾನೇ ಹೀಗೆ ಅಂದಿದ್ರು, ಅಷ್ಟೇ. ಅಷ್ಟು ಜನ ಡಾಕ್ಟ್ರುಗಳನ್ನ ನೋಡಿದೀನಿ, ನಿಮ್ಮಮ್ಮ ಬಸುರಿಲಿ ಏನಾದ್ರೂ ಔಷಧಿ ತಗೊಂಡಿದ್ರಾ ಅಂತ ಒಬ್ರೂ ಕೇಳಿಲ್ಲ. ನನಗೆ ಇದೇ ಬೇಜಾರು.

ಇಲ್ಲಿ ಯಾರಿಗಾದ್ರೂ ಈ ಬಗ್ಗೆ ಗೊತ್ತಾ? ಈ ವಯಸ್ಸಲ್ಲಿ ಏನು ಟೆಸ್ಟ್ ಮಾಡಿಸ್ಬೇಕು?

ಸಿಸ್ಟರ್_ಸಿದ್ದಾಪುರ

ಕಾಫಿಹೂ ಅವ್ರೇ, ನಾನು ಹೆರಿಗೆ ವಾರ್ಡಲ್ಲೇ ಕೆಲಸ ಮಾಡಿ ರಿಟೈರ್ ಆದವಳು. ಮೊದಲು ಒಂದು ಮಾತು, ಗಾಬರಿ ಬೇಡ. ಆ ಕ್ಯಾನ್ಸರ್ ಹೆಸ್ರು ಕ್ಲಿಯರ್ ಸೆಲ್ ಅಡಿನೋಕಾರ್ಸಿನೋಮ. ಔಷಧಿ ಸೋಕದೇ ಇರೋ ಹೆಂಗಸರಿಗೆ ಹೋಲಿಸಿದ್ರೆ ಅಮ್ಮನ ಹೊಟ್ಟೇಲಿದ್ದಾಗ ಡಿಇಎಸ್ ಸೋಕಿದ ಹೆಣ್ಮಕ್ಕಳಲ್ಲಿ ಸುಮಾರು 40 ಪಟ್ಟು ಜಾಸ್ತಿ ಅಂತ ಬರೀತಾರೆ, ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಆದ್ರೆ ಅದು ಮೊದಲೇ ಅಷ್ಟು ಅಪರೂಪದ ಕಾಯಿಲೆ ಆಗಿರೋದ್ರಿಂದ 40 ಪಟ್ಟು ಆದ್ರೂ ಸಾವಿರದಲ್ಲಿ ಒಬ್ಬರಿಗೆ ಬರೋದು. ಅದೂ ಹೆಚ್ಚಾಗಿ ಹದಿನೆಂಟು ಇಪ್ಪತ್ತರ ವಯಸ್ಸಲ್ಲಿ. ನೀವು ಆ ವಯಸ್ಸು ದಾಟಿ ಬಹಳ ಕಾಲ ಆಯ್ತು. ವಯಸ್ಸಾದ್ಮೇಲೆ ಬರೋದೇ ಇಲ್ಲ ಅಂತಲ್ಲ, ಅದಕ್ಕೇ ಚೆಕಪ್ ಬಿಡಬಾರ್ದು.

ಏನು ಮಾಡಿಸ್ಬೇಕು ಅಂದ್ರೆ, ವರ್ಷಕ್ಕೊಂದು ಸಲ ಒಳಗಿನ ಪರೀಕ್ಷೆ. ಬರೀ ಗರ್ಭಕೋಶದ ಬಾಯಿಂದ ಪ್ಯಾಪ್ ಸ್ಮಿಯರ್ ತೆಗೆದ್ರೆ ಸಾಲಲ್ಲ, ಯೋನಿಯ ನಾಲ್ಕೂ ಗೋಡೆಯಿಂದ ಸ್ಯಾಂಪಲ್ ತೆಗೀಬೇಕು, ಬೆರಳಲ್ಲಿ ಗೋಡೆ ಪೂರ್ತಿ ಮುಟ್ಟಿ ಗಂಟು ಇದೆಯಾ ನೋಡ್ಬೇಕು. ಇದನ್ನ ನೀವೇ ಡಾಕ್ಟ್ರಿಗೆ ಬಾಯಿಬಿಟ್ಟು ಹೇಳ್ಬೇಕಾಗುತ್ತೆ. ಈಗಿನ ಚಿಕ್ಕ ವಯಸ್ಸಿನ ಡಾಕ್ಟ್ರುಗಳು ಡಿಇಎಸ್ ಕೇಸ್ ನೋಡಿರೋದೇ ಇಲ್ಲ, ಅವರ ತಪ್ಪು ಅಂತ ನಾನು ಹೇಳಲ್ಲ. ಆ ಲೆಕ್ಕದ ಪುಸ್ತಕದ ಪುಟ ಫೋಟೋ ತೆಗೆದು ತಗೊಂಡು ಹೋಗಿ ತೋರ್ಸಿ. ಇನ್ನೊಂದು, ಈ ಕ್ಯಾನ್ಸರ್‌ಗೂ, ಗರ್ಭಕೋಶದ ಬಾಯಿಗೆ ಸಾಮಾನ್ಯವಾಗಿ ಬರೋ ಕ್ಯಾನ್ಸರ್‌ಗೆ ಕಾರಣ ಆಗೋ ಎಚ್‌ಪಿವಿ ವೈರಸ್‌ಗೂ ಸಂಬಂಧ ಇಲ್ಲ, ಹಾಗಾಗಿ ಎಚ್‌ಪಿವಿ ಟೆಸ್ಟ್ ನೆಗೆಟಿವ್ ಬಂತು ಅಂತ ಇದನ್ನ ಬಿಡಬೇಡಿ. ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಕೂಡ ಮಾಡಿಸಿ.

ಲ್ಯಾಬ್_ಹುಡುಗ (ಗೋಣಿಕೊಪ್ಪ, ಈಗ ಬೆಂಗಳೂರು)

ಸಿಸ್ಟರ್ ಹೇಳಿದ್ದು ಸರಿ. ಹಿಂದಿನ ಕತೆ ಸ್ವಲ್ಪ ನಾನು ಹೇಳ್ತೀನಿ, ನನ್ನ ಓದು ಇದೇ ಕಡೆ ಇರೋದು.

1938ರಲ್ಲಿ ಇಂಗ್ಲೆಂಡಲ್ಲಿ ಚಾರ್ಲ್ಸ್ ಡಾಡ್ಸ್ ಮತ್ತು ಜೊತೆಯವರು ಇದನ್ನ ತಯಾರು ಮಾಡಿದ್ದು. ಪೇಟೆಂಟ್ ಮಾಡ್ಲಿಲ್ಲ, ಹಾಗಾಗಿ ಯಾವ ಕಂಪನಿ ಬೇಕಾದ್ರೂ ಮಾಡಿ ಮಾರಬಹುದಿತ್ತು, ರೇಟೂ ಕಮ್ಮಿ, ನುಂಗೋ ಮಾತ್ರೆ ಬೇರೆ. ಅದೇ ವರ್ಷ ಫ್ರಾನ್ಸಲ್ಲಿ ಲಕಸಾನ್ಯ ಅನ್ನೋ ವಿಜ್ಞಾನಿ ಇದನ್ನ ಇಲಿಗೆ ಕೊಟ್ಟು ಮೊಲೆ ಗಡ್ಡೆ ಬರೋದನ್ನ ತೋರ್ಸಿದ್ರು! ಅದು ಯಾರ ಕಿವಿಗೂ ಬೀಳ್ಲಿಲ್ಲ. ಬಾಸ್ಟನ್ನಲ್ಲಿ ಜಾರ್ಜ್ ಸ್ಮಿತ್, ಆಲಿವ್ ಸ್ಮಿತ್ ಅನ್ನೋ ಗಂಡ ಹೆಂಡತಿ ಗರ್ಭಪಾತ ತಡೆಯೋಕೆ ಇದನ್ನ ಕೊಡಬಹುದು ಅಂತ ಹೇಳಿದ್ರು, 1947ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೇನೂ ಸಿಕ್ತು. ಸ್ಮಿತ್ ದಂಪತಿ ಹೇಳಿದ ಲೆಕ್ಕ ಏನು ಗೊತ್ತಾ, ಏಳನೇ ವಾರದಲ್ಲಿ ದಿನಕ್ಕೆ 5 ಮಿಲಿಗ್ರಾಂ ಶುರು ಮಾಡಿ ಮೊದಲು ಎರಡೆರಡು ವಾರಕ್ಕೆ 5 ಏರಿಸ್ತಾ, 15ನೇ ವಾರಕ್ಕೆ 25 ಆದ್ಮೇಲೆ ವಾರ ವಾರಕ್ಕೂ 5 ಏರಿಸ್ತಾ 35ನೇ ವಾರಕ್ಕೆ 125 ಮಿಲಿಗ್ರಾಂ. ಕಾಫಿಹೂ ಆಂಟಿ, ನಿಮ್ಮಪ್ಪ ಬರೆದಿರೋ 5, 10, 15 ಅದೇ ಲೆಕ್ಕ, ನೋಡಿ ಮೈ ಜುಂ ಅಂತು.

ಇನ್ನು ಹೊಟ್ಟೆ ಉರಿಯೋ ವಿಷ್ಯ. 1953ರಲ್ಲಿ ಶಿಕಾಗೋದಲ್ಲಿ ಡೀಕ್‌ಮನ್ ಅನ್ನೋ ಡಾಕ್ಟ್ರು ಸುಮಾರು 1600 ಬಸುರಿಯರನ್ನ ಎರಡು ಗುಂಪು ಮಾಡಿ ಒಂದಕ್ಕೆ ಡಿಇಎಸ್, ಇನ್ನೊಂದಕ್ಕೆ ಔಷಧಿ ಇಲ್ಲದ ಮಾತ್ರೆ ಕೊಟ್ಟು ನೋಡಿದ್ರು. ಗರ್ಭಪಾತ ತಡೆಯೋದ್ರಲ್ಲಿ ಒಂಚೂರೂ ಪ್ರಯೋಜನ ಇಲ್ಲ ಅಂತ ಗೊತ್ತಾಯ್ತು. ಆದ್ರೂ ಆಮೇಲೆ 18 ವರ್ಷ ಬರೀತಾನೇ ಇದ್ರು! ಆಂಟಿ ಹುಟ್ಟಿದ್ದು ಆ ಪರೀಕ್ಷೆ ಆಗಿ 15 ವರ್ಷಕ್ಕೆ.

1971ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಹರ್ಬ್ಸ್ಟ್, ಉಲ್ಫೆಲ್ಡರ್, ಪೋಸ್ಕಾಂಜರ್ ಮೂರೂ ಜನ ಸೇರಿ ಬರೆದ ಲೇಖನ ಬಂತು. ವಯಸ್ಸಾದವರಲ್ಲೇ ಅಪರೂಪ ಆಗಿದ್ದ ಯೋನಿ ಕ್ಯಾನ್ಸರ್ ಚಿಕ್ಕ ಹುಡುಗಿಯರಲ್ಲಿ ಯಾಕೆ ಅಂತ ಹುಡುಕ್ತಾ ಇದ್ರು. ಅದ್ರಲ್ಲಿ ಒಂದು ಹುಡುಗಿಯ ತಾಯಿನೇ, ನಾನು ಬಸುರಿಲಿ ತಗೊಂಡ ಆ ಮಾತ್ರೆಯಿಂದ ಆಗಿರಬಹುದಾ ಅಂತ ಡಾಕ್ಟ್ರನ್ನ ಕೇಳಿದ್ದು. 8 ಹುಡುಗಿಯರಲ್ಲಿ 7 ಜನರ ತಾಯಂದಿರು ಡಿಇಎಸ್ ತಗೊಂಡಿದ್ರು, ಹೋಲಿಕೆಗೆ ಅಂತ ಇಟ್ಕೊಂಡ 32 ಜನರಲ್ಲಿ ಒಬ್ರೂ ತಗೊಂಡಿರ್ಲಿಲ್ಲ. ಆ ನವೆಂಬರಲ್ಲಿ ಬಸುರಿಯರಿಗೆ ಕೊಡಬೇಡಿ ಅಂತ ಅಮೆರಿಕದಲ್ಲಿ ಸೂಚನೆ ಹೊರಡ್ತು. ಯುರೋಪಿನ ಕೆಲವು ದೇಶದಲ್ಲಿ ಅದಾದ್ಮೇಲೂ ನಡೀತು.

ಸಂಪಾಜೆಯವ

ಎಲ್ಲಾ ಓದಿದೆ ಮಾರಾಯ್ರೆ, ಆ ಅಕ್ಕನ ಕತೆ ಓದಿ ಬೇಜಾರಾಯ್ತು. ಆದ್ರೆ ಇದು ಅಮೆರಿಕದಲ್ಲಿ ಹುಟ್ಟಿದವರ ವಿಷ್ಯ ಅಲ್ವಾ, ಕೊಡಗಲ್ಲಿ ಎಷ್ಟು ಜನ ಹಾಗೆ ಇದ್ದಾರೆ? ನಮ್ಮಲ್ಲಿ ಕ್ಯಾನ್ಸರ್ ಜಾಸ್ತಿ ಆಗ್ತಿದೆ ಅಂತ ಎಲ್ರೂ ಹೇಳ್ತಾರಲ್ಲ, ಅದು ತೋಟಕ್ಕೆ ಹೊಡೆಯೋ ವಿಷದಿಂದ ಅಂತ ನನ್ನ ಅಭಿಪ್ರಾಯ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಮಲೇರಿಯಾಕ್ಕೆ ಮನೆಮನೆ ಗೋಡೆಗೆ ಡಿಡಿಟಿ ಹೊಡೀತಿದ್ರು, ಕಾಂಡಕೊರಕಕ್ಕೆ ಬಿಎಚ್‌ಸಿ, ಲಿಂಡೇನ್ ಎಲ್ಲ ಗಿಡಕ್ಕೆ ಬಳಿದದ್ದು ನಾನೇ ಕಂಡಿದ್ದೇನೆ, ಕೈಗವಸು ಎಂತದೂ ಇರ್ಲಿಲ್ಲ. ಅದನ್ನ ಯಾರೂ ಮಾತಾಡುದಿಲ್ಲ ಎಂತಕ್ಕೆ?

ಲ್ಯಾಬ್_ಹುಡುಗ

ಅಣ್ಣ, ನೀವು ಹೇಳಿದ್ದು ಬೇರೆ ವಿಷ್ಯ ಅನ್ಸಿದ್ರೂ ಬೇರೆ ಅಲ್ಲ. ಡಿಡಿಟಿಯಲ್ಲಿ ಒಂದು ಬಗೆ ಇದೆ, ಅದು ಮೈಯೊಳಗೆ ಈಸ್ಟ್ರೋಜನ್ ಥರ ಆಡುತ್ತೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಕಡೆ 1959ರಿಂದ 1967ರ ತನಕ ಸಾವಿರಾರು ಬಸುರಿಯರ ರಕ್ತ ತೆಗೆದು ಫ್ರೀಜರಲ್ಲಿ ಇಟ್ಟಿದ್ರು, ಡಿಡಿಟಿ ಜೋರಾಗಿ ಬಳಸ್ತಿದ್ದ ಕಾಲ ಅದು. ಆ ಬಸುರಿಯರ ಹೆಣ್ಮಕ್ಕಳು 52 ವರ್ಷದವರಾಗೋ ತನಕ ನೋಡಿ 2015ರಲ್ಲಿ ಬಾರ್ಬರಾ ಕೋನ್ ಮತ್ತು ಜೊತೆಯವರು ಬರೆದ್ರು. ಅಮ್ಮನ ರಕ್ತದಲ್ಲಿ ಆ ಡಿಡಿಟಿ ತೀರಾ ಜಾಸ್ತಿ ಇದ್ದ ಹೆಣ್ಮಕ್ಕಳಿಗೆ, ತೀರಾ ಕಮ್ಮಿ ಇದ್ದವರಿಗಿಂತ ಸ್ತನ ಕ್ಯಾನ್ಸರ್ ಹತ್ತಿರ ಹತ್ತಿರ 4 ಪಟ್ಟು. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತಿದ್ದು 1989ರಲ್ಲಿ. ಆದ್ರೆ ಇದನ್ನ ಹಿಡ್ಕೊಂಡು ಕೊಡಗಿನ ಕ್ಯಾನ್ಸರೆಲ್ಲ ಡಿಡಿಟಿಯಿಂದಾನೇ ಅಂತ ಹೇಳೋಕೆ ಬರಲ್ಲ ಅಣ್ಣ, ಅದಕ್ಕೆ ಇಲ್ಲಿನ ತಾಯಂದಿರ ರಕ್ತದ ಲೆಕ್ಕ ಬೇಕು. ನಾನು ಒತ್ತಿ ಹೇಳೋದು ಹೊತ್ತಿನ ಬಗ್ಗೆ. ಮಗುವಿನ ಅಂಗ ಮೂಡ್ತಾ ಇರೋ ವಾರಗಳಲ್ಲಿ ಹಾರ್ಮೋನ್ ಥರದ ವಸ್ತು ಸೋಕಿದ್ರೆ ಅದರ ಫಲ ಇಪ್ಪತ್ತು, ನಲವತ್ತು ವರ್ಷ ಆದ್ಮೇಲೆ ಕಾಣಬಹುದು.

ಡಿಇಎಸ್ ಹೇಗೆ ಕೆಡಿಸುತ್ತೆ ಅಂತ ಬಹಳ ಚೆನ್ನಾಗಿ ಗೊತ್ತಾಗಿದೆ. ಹೆಣ್ಣು ಭ್ರೂಣದಲ್ಲಿ ಯೋನಿಯ ಒಳಪದರ ಮೊದಲು ಗ್ರಂಥಿ ಥರದ ಕೋಶಗಳಿಂದ ಆಗಿರುತ್ತೆ, ಆಮೇಲೆ ಅದು ಹೋಗಿ ಚರ್ಮದ ಥರದ ಚಪ್ಪಟೆ ಕೋಶ ಬರ್ಬೇಕು. ಡಿಇಎಸ್ ಸೋಕಿದ್ರೆ ಆ ಬದಲಾವಣೆ ಅರ್ಧಕ್ಕೇ ನಿಲ್ಲುತ್ತೆ, ಗ್ರಂಥಿ ಕೋಶ ಅಲ್ಲಲ್ಲೇ ಉಳ್ಕೊಳುತ್ತೆ. ಇದಕ್ಕೆ ಅಡಿನೋಸಿಸ್ ಅಂತಾರೆ, ಇದು ಕ್ಯಾನ್ಸರ್ ಅಲ್ಲ, ಆದ್ರೆ ಆ ಕ್ಯಾನ್ಸರ್ ಹೆಚ್ಚಾಗಿ ಇಂಥ ಕೋಶ ಇರೋ ಕಡೇನೇ ಕಾಣೋದು. ಡಿಇಎಸ್ ಸೋಕಿದ್ರೆ ಗರ್ಭಕೋಶಾನೂ ಸರಿಯಾಗಿ ಮೂಡದೆ ಟಿ ಆಕಾರಕ್ಕೆ ಬರಬಹುದು. ಎಷ್ಟು ಬೇಗ ಶುರು ಮಾಡಿದ್ರೋ ಅಷ್ಟು ಜಾಸ್ತಿ ತೊಂದ್ರೆ. ತಾಯಿ ಮೈಯ ಸ್ವಂತ ಈಸ್ಟ್ರೋಜನನ್ನ ರಕ್ತದಲ್ಲಿರೋ ಒಂದು ಪ್ರೊಟೀನ್ ಹಿಡಿದಿಟ್ಕೊಳುತ್ತೆ, ಡಿಇಎಸ್ ಅದರ ಕೈಗೆ ಅಷ್ಟಾಗಿ ಸಿಗಲ್ಲ, ಮಾಸು ದಾಟಿ ಸೀದಾ ಮಗುವಿಗೆ ಹೋಗುತ್ತೆ.

ಹಾರಂಗಿ_ತೀರ (ಕುಶಾಲನಗರ)

ಅಕ್ಕಂದಿರೇ ನಂಗೆ ತುಂಬಾ ಭಯ ಆಗ್ತಿದೆ. ನಾನೀಗ ಒಂಬತ್ತನೇ ವಾರದ ಬಸುರಿ, ಮೊದಲು ಒಂದು ಅಬಾರ್ಷನ್ ಆಗಿದೆ, ಈ ಸಲ ಸ್ವಲ್ಪ ಬ್ಲೀಡಿಂಗ್ ಕಾಣಿಸ್ತು ಅಂತ ಡಾಕ್ಟರ್ ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಕೊಟ್ಟಿದ್ದಾರೆ ಒಳಗೆ ಇಟ್ಕೊಳೋಕೆ, ಇದನ್ನೆಲ್ಲ ಓದಿ ನಿನ್ನೆ ರಾತ್ರಿ ಇಟ್ಕೊಳ್ಲೇ ಇಲ್ಲ, ಅತ್ತೆಗೂ ಹೇಳಿಲ್ಲ, ನನ್ನ ಮಗಳಿಗೂ ಹೀಗಾದ್ರೆ ಅಂತ ಅಳು ಬರ್ತಿದೆ, ಏನ್ ಮಾಡ್ಲಿ ಹೇಳಿ ಪ್ಲೀಸ್

ಸಿಸ್ಟರ್_ಸಿದ್ದಾಪುರ

ಅಯ್ಯೋ ಮಗಳೇ, ಮೊದಲು ಈಗ್ಲೇ ಡಾಕ್ಟ್ರಿಗೆ ಫೋನ್ ಮಾಡಿ ನಿನ್ನೆ ಬಿಟ್ಟಿದ್ದು ಹೇಳು, ನಿನ್ನಷ್ಟಕ್ಕೆ ನೀನೇ ನಿಲ್ಲಿಸ್ಬೇಡ. ನಿಂಗೆ ಕೊಟ್ಟಿರೋದು ಡಿಇಎಸ್ ಅಲ್ಲವೇ ಅಲ್ಲ. ಡಿಇಎಸ್ ಈಸ್ಟ್ರೋಜನ್ ಜಾತಿದು. ಪ್ರೊಜೆಸ್ಟೆರಾನ್ ಬಸುರಿಲಿ ನಿನ್ನ ಮೈಯೇ ರಾಶಿ ರಾಶಿ ತಯಾರು ಮಾಡೋ ಹಾರ್ಮೋನ್, ಕ್ಯಾಪ್ಸೂಲಲ್ಲಿ ಇರೋದೂ ಅದೇ. ಬ್ರಿಟನ್ನಲ್ಲಿ 4000ಕ್ಕೂ ಮೇಲೆ ಹೆಂಗಸರ ಮೇಲೆ ಪರೀಕ್ಷೆ ಮಾಡಿ 2019ರಲ್ಲಿ ಫಲಿತಾಂಶ ಬಂದಿದೆ. ರಕ್ತ ಕಂಡ ಎಲ್ಲರಿಗೂ ಇದು ಉಪಯೋಗ ಅಂತ ಸಾಬೀತಾಗ್ಲಿಲ್ಲ, ಆದ್ರೆ ಮೊದಲೇ ಗರ್ಭಪಾತ ಆಗಿ ಈಗ ರಕ್ತ ಕಂಡವರಿಗೆ ಉಪಯೋಗ ಇರೋ ಹಾಗೆ ಕಂಡಿದೆ. ನಿಂದು ಅದೇ ಥರದ ಕೇಸ್. ಅಲ್ಲಿ 16 ವಾರದ ತನಕ ಕೊಡ್ತಾರೆ.

ಆದ್ರೆ ವಾರಕ್ಕೊಂದು ಇಂಜೆಕ್ಷನ್ ಅಂತ ಯಾರಾದ್ರೂ ಹೇಳಿದ್ರೆ ಹೆಸರು ಕೇಳು. ಹೈಡ್ರಾಕ್ಸಿಪ್ರೊಜೆಸ್ಟೆರಾನ್ ಕ್ಯಾಪ್ರೋಯೇಟ್ ಅನ್ನೋದು ಬೇರೆ, ಅದು ಲ್ಯಾಬಲ್ಲಿ ಮಾಡಿದ್ದು. ನಾನು ಡ್ಯೂಟಿಲಿ ಇದ್ದಾಗ ಎಷ್ಟು ಜನಕ್ಕೆ ಚುಚ್ಚಿದೀನೋ.

ಲ್ಯಾಬ್_ಹುಡುಗ

ಸಿಸ್ಟರ್ ಹೇಳಿದ ಆ ಇಂಜೆಕ್ಷನ್ ವಿಷ್ಯ ಎಲ್ರೂ ತಿಳ್ಕೊಳ್ಳಿ. ಅದೇ ಓಕ್‌ಲ್ಯಾಂಡ್ ತಾಯಂದಿರ 18 ಸಾವಿರಕ್ಕೂ ಮೇಲೆ ಮಕ್ಕಳ ದಾಖಲೆ ನೋಡಿ 2021ರಲ್ಲಿ ಬರೆದದ್ದು, ಹೊಟ್ಟೆಲಿದ್ದಾಗ ಆ ಇಂಜೆಕ್ಷನ್ ಸೋಕಿದ ಮಕ್ಕಳಿಗೆ, ಗಂಡಾಗ್ಲಿ ಹೆಣ್ಣಾಗ್ಲಿ, ದೊಡ್ಡವರಾದ್ಮೇಲೆ ಕ್ಯಾನ್ಸರ್ ಸುಮಾರು 2 ಪಟ್ಟು. ಸೋಕಿದ ಮಕ್ಕಳ ಸಂಖ್ಯೆ ಚಿಕ್ಕದು, ಇನ್ನೂರ ಚಿಲ್ಲರೆ, ಹಾಗಾಗಿ ಡಿಇಎಸ್‌ನಷ್ಟು ಗಟ್ಟಿ ಸಾಕ್ಷಿ ಅಲ್ಲ. ಆದ್ರೆ ಅವಧಿಗೆ ಮುಂಚೆ ಹೆರಿಗೆ ಆಗೋದನ್ನ ತಡೆಯುತ್ತೆ ಅಂತ ಕೊಡ್ತಿದ್ದ ಔಷಧಿ ದೊಡ್ಡ ಪರೀಕ್ಷೆಲಿ ತಡೆಯೋದೇ ಇಲ್ಲ ಅಂತ ಕಂಡ್ಮೇಲೆ 2023ರ ಏಪ್ರಿಲಲ್ಲಿ ಅಮೆರಿಕ ಒಪ್ಪಿಗೆ ವಾಪಸ್ ತಗೊಂಡ್ತು, 2024ರಲ್ಲಿ ಯುರೋಪಿನ ಔಷಧಿ ಸಂಸ್ಥೆ ಕ್ಯಾನ್ಸರ್ ಸಂಶಯಾನೂ ಸೇರಿಸಿ ಇದನ್ನ ನಿಲ್ಲಿಸಿ ಅಂತು. ಪ್ರಯೋಜನ ಇಲ್ಲದ ಔಷಧಿಗೆ ಸಣ್ಣ ರಿಸ್ಕ್ ಕೂಡ ಯಾಕೆ? ಬಸುರಿಯರು ಡಾಕ್ಟ್ರನ್ನ ಇದು ಯಾಕೆ, ಬೇರೆ ಏನಿದೆ ಅಂತ ಮರ್ಯಾದೆಯಿಂದ ಕೇಳಬಹುದು, ಕೇಳಲೇಬೇಕು.

ಆಶಾ_ಪಾಲಿಬೆಟ್ಟ

ನಾನು ಆಶಾ ಕಾರ್ಯಕರ್ತೆ, ತೋಟದ ಕೆಲಸದವರು ಇರೋ ಲೈನ್ ಮನೆಗಳಿಗೆ ಹೋಗ್ತೀನಿ. ನೀವೆಲ್ಲ ಹೇಳೋ ಔಷಧಿ ಹೆಸ್ರು ಗೊತ್ತಿಲ್ದೇ ನುಂಗೋರು ನಮ್ಮಲ್ಲಿ ಬಹಳ ಜನ. ತಾಯಿ ಕಾರ್ಡಲ್ಲಿ ಕಬ್ಬಿಣದ ಮಾತ್ರೆ, ಟಿಡಿ (ಮೊದಲಿನ ಟಿಟಿ) ಇಂಜೆಕ್ಷನ್ ಇರುತ್ತೆ, ಹೊರಗೆ ಪ್ರೈವೇಟಲ್ಲಿ ತೋರ್ಸಿ ತಗೊಂಡ ಹಾರ್ಮೋನ್ ಯಾರೂ ಬರೆಸಲ್ಲ. ಅಸ್ಸಾಂನವರು ಕುಯ್ಲು ಮುಗಿದ್ಮೇಲೆ ಊರಿಗೆ ಹೋಗ್ತಾರೆ, ಕಾರ್ಡೂ ಅವರ ಜೊತೆ ಹೋಗುತ್ತೆ, ಮುಂದೆ ಆ ಮಗುಗೆ ಏನಾಯ್ತು ಯಾರಿಗೆ ಗೊತ್ತು. ಬಸುರಿ ಹೆಂಗಸು ಔಷಧಿ ಡ್ರಮ್ಮಿಗೆ ನೀರು ಹೊತ್ತು ಹಾಕೋದು ನೋಡಿದ್ರೆ ನಾನು ಅಲ್ಲೇ ಮೇಸ್ತ್ರಿಗೆ ಹೇಳಿ ಬೇರೆ ಕೆಲಸಕ್ಕೆ ಹಾಕಿಸ್ತೀನಿ. ಸಂಪಾಜೆ ಅಣ್ಣ ಹೇಳಿದ್ದು ಸರಿ, ತೋಟದವರು ಇಷ್ಟಾದ್ರೂ ಮಾಡ್ಬೇಕು.

30 ದಾಟಿದ ಹೆಂಗಸರಿಗೆ ಗರ್ಭಕೋಶದ ಬಾಯಿ ಪರೀಕ್ಷೆ, ಸ್ತನ ಪರೀಕ್ಷೆ ಸರ್ಕಾರಿ ಕೇಂದ್ರದಲ್ಲಿ ದುಡ್ಡಿಲ್ದೇ ಆಗುತ್ತೆ. ಕುಯ್ಲಿನ ಟೈಮಲ್ಲಿ ಕರೆದ್ರೆ ಒಂದು ದಿನದ ಸಂಬಳ ಹೋಗುತ್ತೆ ಅಂತ ಬರಲ್ಲ. ತೋಟದ ಯಜಮಾನರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಆ ಅರ್ಧ ದಿನ ಸಂಬಳ ಕೊಟ್ಟು ಕಳ್ಸಿ.

ಸಿಸ್ಟರ್_ಸಿದ್ದಾಪುರ

ಆಶಾ ತಂಗಿ ಹೇಳಿದ್ಮೇಲೆ ಒಂದು ನೆನಪಾಯ್ತು. 70ರ, 80ರ ದಶಕದಲ್ಲಿ ನಮ್ಮ ದೇಶದಲ್ಲೇ ಮುಟ್ಟು ತಪ್ಪಿದ್ರೆ ಬಸುರಿಯಾ ಅಲ್ವಾ ನೋಡೋಕೆ ಅಂತ ಈಸ್ಟ್ರೋಜನ್ ಪ್ರೊಜೆಸ್ಟೆರಾನ್ ಸೇರಿಸಿದ ಜಾಸ್ತಿ ಡೋಸಿನ ಮಾತ್ರೆ ಕೊಡ್ತಿದ್ರು, ಇಪಿ ಅಂತ ಕರೀತಿದ್ರು. ಕೆಲವರು ಬಸುರು ತೆಗೆಯೋಕೂ ತಗೊಳ್ತಿದ್ರು. ಮಹಿಳಾ ಸಂಘಟನೆಗಳು ಕೋರ್ಟಿಗೆಲ್ಲ ಹೋಗಿ ಹೋರಾಡಿ 1988ರಲ್ಲಿ ಅದು ಬ್ಯಾನ್ ಆಯ್ತು. ಆವಾಗಿನ ಆತಂಕ ಮಗುವಿನ ಹುಟ್ಟು ದೋಷದ ಬಗ್ಗೆ, ಅದನ್ನ ಡಿಇಎಸ್ ಕ್ಯಾನ್ಸರ್ ಜೊತೆ ಒಟ್ಟಿಗೆ ಹಾಕಬೇಡಿ. ಆದ್ರೆ ಈಗ 40, 50ರ ವಯಸ್ಸಲ್ಲಿರೋ ಹೆಣ್ಮಕ್ಕಳು ಅಮ್ಮನ್ನ ಕೇಳಿ ಬರೆದಿಟ್ಕೊಳ್ಳಿ, ಡಾಕ್ಟ್ರು ಕೇಳಿದಾಗ ಹೇಳೋಕಾದ್ರೂ ಬೇಕು.

ಕಾಫಿಹೂ

ಎಲ್ರಿಗೂ ಥ್ಯಾಂಕ್ಸ್. ಒಂದು ವಿಷ್ಯ ಹೇಳ್ಬೇಕು. ಅವ್ವನಿಗೆ ಈಗ 82. ನಾನು ಕೇಳಿದ್ದೇ ತಪ್ಪಾಯ್ತೇನೋ ಅನ್ನೋ ಹಾಗೆ ಸರಿಯಾಗಿ ಊಟ ಮಾಡ್ತಿಲ್ಲ, ನನ್ನ ಕೈಯಾರೆ ನಿನಗೆ ವಿಷ ಕೊಟ್ಟೆ ಅಂತಾರೆ. ಏನು ಹೇಳಿ ಸಮಾಧಾನ ಮಾಡ್ಲಿ?

ಮಂಜಿನೂರು (ಮಕ್ಕಂದೂರು ಕಡೆ)

ಅಕ್ಕ, ಆ 1953ರ ವಿಷ್ಯ ಅವ್ವನಿಗೆ ಬಿಡಿಸಿ ಹೇಳಿ. ಉಪಯೋಗ ಇಲ್ಲ ಅಂತ ಗೊತ್ತಿದ್ದೂ ಬರೆದವರು, ಮಾರಿದವರು ಯಾರು? ಇವರು ಎರಡು ಮಗು ಕಳ್ಕೊಂಡು ಮೂರನೇದು ಉಳೀಲಿ ಅಂತ ಪರದೇಶದಲ್ಲಿ ಒಬ್ಬರೇ ಇದ್ದು ಹೇಳಿದ್ದನ್ನ ಹೇಳಿದ ಹಾಗೆ ಮಾಡಿದವರು. ಅಪ್ಪ ಬರೆದಿಟ್ಟು ಅವ್ವ ನೆನಪಿಟ್ಕೊಂಡಿದ್ದಕ್ಕೇ ನಿಮಗೆ ಈಗ ಸರಿಯಾದ ಪರೀಕ್ಷೆ ಆಗ್ತಿರೋದು. ಅದನ್ನೂ ಹೇಳಿ, ಜೊತೇಲಿ ಕೂತು ಊಟ ಮಾಡಿಸಿ. ಅವರನ್ನೂ ಒಂದು ಸಲ ಸ್ತನ ಪರೀಕ್ಷೆಗೆ ಕರ್ಕೊಂಡು ಹೋಗಿ, ಡಿಇಎಸ್ ತಗೊಂಡ ತಾಯಂದಿರಿಗೂ ಸ್ತನ ಕ್ಯಾನ್ಸರ್ ಸ್ವಲ್ಪ ಜಾಸ್ತಿ ಅಂತ ನಾನು ಓದಿದೀನಿ.

ಕಾಗದದ ಬಗ್ಗೆ ನನ್ನದೂ ಒಂದು ಮಾತು. 2018ರ ಆಗಸ್ಟಲ್ಲಿ ಗುಡ್ಡ ಜರಿದಾಗ ನಮ್ಮ ಮನೆ ಹೋಯ್ತು, ಅಮ್ಮನ ಆಸ್ಪತ್ರೆ ಚೀಟಿಗಳೆಲ್ಲ ಮಣ್ಣಡಿ. ನಮ್ಮ ಮಳೆಗೆ ಬೀರುಲಿಟ್ಟ ಕಾಗದವೂ ಬೂಷ್ಟು ಹಿಡಿಯುತ್ತೆ. ಈಗ ಮನೇಲಿ ಬಸುರಿ ಇದ್ರೆ ತಾಯಿ ಕಾರ್ಡು, ಚೀಟಿ, ಮಾತ್ರೆ ಶೀಟಿನ ಹಿಂಬದಿ ಎಲ್ಲ ಫೋಟೋ ತೆಗೆದು ಇಬ್ಬರು ಮೂವರ ಫೋನಲ್ಲಿ ಇಡಿ.

ಲ್ಯಾಬ್_ಹುಡುಗ

ಮಂಜಿನೂರು ಅಕ್ಕ ಹೇಳಿದ್ದು ಸರಿ, ತಾಯಂದಿರಲ್ಲಿ ಸುಮಾರು ಶೇಕಡಾ 30ರಷ್ಟು ಜಾಸ್ತಿ ಕಂಡಿದೆ. ಹೆಣ್ಮಕ್ಕಳ ಬಗ್ಗೆ 2011ರಲ್ಲಿ ಅಮೆರಿಕದಲ್ಲಿ ದೊಡ್ಡ ಲೆಕ್ಕ ಬಂತು. ಮಕ್ಕಳಾಗದೇ ಇರೋದು ಡಿಇಎಸ್ ಸೋಕಿದವರಲ್ಲಿ ಶೇಕಡಾ 33, ಸೋಕದವರಲ್ಲಿ 15. ಅವಧಿಗೆ ಮುಂಚೆ ಹೆರಿಗೆ 53, ಸೋಕದವರಲ್ಲಿ 18. ಆಂಟಿ, ನಿಮ್ಮ ಮಗಳು ಏಳು ತಿಂಗಳಿಗೆ ಹುಟ್ಟಿದ್ದಕ್ಕೆ ಕಾರಣ ನಿಮ್ಮ ಕೆಲಸ, ಓಡಾಟ ಅಂತ ಯಾರಾದ್ರೂ ಅಂದಿದ್ರೆ ಅದನ್ನ ಮನಸ್ಸಿಂದ ತೆಗೆದುಹಾಕಿ. ಅದೇ ಲೆಕ್ಕದಲ್ಲಿ 40 ದಾಟಿದ ಮೇಲೆ ಸ್ತನ ಕ್ಯಾನ್ಸರ್ ಶೇಕಡಾ 3.9, ಸೋಕದವರಲ್ಲಿ 2.2. ಮ್ಯಾಮೋಗ್ರಾಮ್ ಬಿಡಬೇಡಿ ಅಂತ ಸಿಸ್ಟರ್ ಹೇಳಿದ್ದು ಇದಕ್ಕೇ.

ಹಾರಂಗಿ_ತೀರ

ಡಾಕ್ಟರ್ ಹತ್ರ ಹೋಗಿ ಬಂದೆ ಅಕ್ಕ. ಬೈಲಿಲ್ಲ, ಕೂರಿಸಿ ಹೇಳಿದ್ರು. ಸ್ಕ್ಯಾನಲ್ಲಿ ಮಗು ಚೆನ್ನಾಗಿದೆ. ಕ್ಯಾಪ್ಸೂಲ್ ಹೆಸರು, ಡೋಸ್, ಶುರು ಮಾಡಿದ ತಾರೀಕು ತಾಯಿ ಕಾರ್ಡಲ್ಲಿ ಅವರ ಕೈಲೇ ಬರೆಸ್ಕೊಂಡೆ. ಅತ್ತೆಗೂ ಹೇಳಿದೆ.

ಸಂಪಾಜೆಯವ

ಒಳ್ಳೇದಾಯ್ತು ತಂಗಿ. ಸಿಸ್ಟರ್, ಒಂದು ಸಂಶಯ. ಗಂಡು ಮಕ್ಕಳಿಗೆ ಇದ್ರಿಂದ ಎಂತದೂ ಇಲ್ವಾ? ಮೊಮ್ಮಕ್ಕಳಿಗೆ?

ಸಿಸ್ಟರ್_ಸಿದ್ದಾಪುರ

ಗಂಡು ಮಕ್ಕಳಿಗೆ ವೃಷಣದ ಹತ್ರ ನೀರುಗುಳ್ಳೆ ಥರದ ಗಂಟು ಬರೋದು, ಹುಟ್ಟಿದಾಗ ವೃಷಣ ಕೆಳಗೆ ಇಳೀದೇ ಇರೋದು ಜಾಸ್ತಿ ಕಂಡಿದೆ. ಅಂಥವರು ಒಂದು ಸಲ ಡಾಕ್ಟ್ರಿಗೆ ತೋರ್ಸೋದು ಒಳ್ಳೇದು. ಮೊಮ್ಮಕ್ಕಳನ್ನ ಇನ್ನೂ ನೋಡ್ತಾ ಇದ್ದಾರೆ. ಕಾಫಿಹೂ ಅವ್ರೇ, ನಿಮಗೆ ತಮ್ಮ ಇದ್ದಾರಾ?

ಕಾಫಿಹೂ

ಇದ್ದಾನೆ ಸಿಸ್ಟರ್, 1971ರಲ್ಲಿ ಮಡಿಕೇರಿಲಿ ಹುಟ್ಟಿದ್ದು. ಆ ವರ್ಷದ ಪುಸ್ತಕ ಪುಟ ಪುಟ ನೋಡಿದೆ, ಅದ್ರ ಹಿಂದಿನ ವರ್ಷದ್ದೂ ನೋಡಿದೆ. ಕಬ್ಬಿಣದ ಟಾನಿಕ್ ಬಿಟ್ರೆ ಏನೂ ಇಲ್ಲ. ನಂದು ಬರೋ ವಾರ ಮೈಸೂರಲ್ಲಿ ಅಪಾಯಿಂಟ್‌ಮೆಂಟ್ ಇದೆ, ನೀವು ಹೇಳಿದ ನಾಲ್ಕು ಗೋಡೆ ಸ್ಯಾಂಪಲ್ ವಿಷ್ಯ ಫೋನಲ್ಲೇ ಕೇಳಿದೆ, ಮಾಡ್ತೀವಿ, ಆ ಪುಸ್ತಕ ತನ್ನಿ ಅಂದ್ರು. ಮ್ಯಾಮೋಗ್ರಾಮ್ ನನಗೂ ಅವ್ವನಿಗೂ ಒಂದೇ ದಿನ ಬುಕ್ ಮಾಡಿದೀನಿ.